ಓವರ್‌ಡೋಸ್ ಜಾಗೃತಿ ಸಭೆ: ಮೊದಲು ಉಸಿರು ಎಣಿಸಲು ಕಲಿಸಿ

ಆಗಸ್ಟ್ 31 ಅಂತರರಾಷ್ಟ್ರೀಯ ಓವರ್‌ಡೋಸ್ ಜಾಗೃತಿ ದಿನ. 2001ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿ ನಡೆಯುತ್ತದೆ. ನಮ್ಮ ಕಡೆ ಹೆಚ್ಚು ಪರಿಚಯ ಇರುವುದು ಜೂನ್ 26ರ ಮಾದಕ ವಸ್ತು ವಿರೋಧಿ ದಿನ. ಅಂದು ಶಾಲೆ ಕಾಲೇಜುಗಳಲ್ಲಿ ಜಾಥಾ, ಪ್ರತಿಜ್ಞೆ, ತಲೆಬುರುಡೆ ಬರೆದ ಫ್ಲೆಕ್ಸು ಎಲ್ಲ ಇರುತ್ತವೆ. ಆ ಜಾಥಾದಲ್ಲಿ ನಡೆದ ಹುಡುಗನ ಎದುರು ಅದೇ ರಾತ್ರಿ ರೂಮ್‌ಮೇಟ್ ಎಚ್ಚರ ತಪ್ಪಿ ಬಿದ್ದರೆ ಮಾತ್ರ ಅವನಿಗೆ ಏನೂ ತೋಚುವುದಿಲ್ಲ. "ಮಲಗಲಿ ಬಿಡು, ಬೆಳಿಗ್ಗೆ ಸರಿಹೋಗ್ತಾನೆ" ಎಂದು ಲೈಟ್ ಆರಿಸುತ್ತಾನೆ. ಓವರ್‌ಡೋಸಿನಲ್ಲಿ ಎಷ್ಟೋ ಜೀವ ಹೋಗುವುದು ಹೀಗೆಯೇ, ಪಕ್ಕದಲ್ಲಿ ಯಾರೋ ಇರುವಾಗಲೇ.

ಹಾಸ್ಟೆಲ್, ಪಿಜಿ, ಸ್ತ್ರೀಶಕ್ತಿ ಸಂಘ, ಯುವಕ ಮಂಡಳಿ, ಅಪಾರ್ಟ್‌ಮೆಂಟ್ ಸಂಘ, ಎಲ್ಲಿಯಾದರೂ ಒಂದೂವರೆ ಗಂಟೆಯ ಜಾಗೃತಿ ಸಭೆ ನಡೆಸಬೇಕೆಂದಿರುವವರಿಗಾಗಿ ಇದನ್ನು ಬರೆದಿದ್ದೇವೆ. ಸಭೆ ಮುಗಿಯುವಾಗ ಬಂದವರಿಗೆ ಮೂರು ಕೆಲಸ ಕೈಯಾರೆ ಮಾಡಲು ಬರಬೇಕು: ಎಚ್ಚರ ತಪ್ಪಿದವರ ಉಸಿರು ಎಣಿಸುವುದು, 108ಕ್ಕೆ ಸರಿಯಾಗಿ ವಿಷಯ ಹೇಳಿ ಅವರನ್ನು ಪಕ್ಕಕ್ಕೆ ಹೊರಳಿಸುವುದು, ಮನೆಯ ಮಾತ್ರೆ ಡಬ್ಬಿಯನ್ನು ಅಪಾಯವಿಲ್ಲದಂತೆ ಇಡುವುದು. ಭಾಷಣ ಎಷ್ಟೇ ಚೆನ್ನಾಗಿದ್ದರೂ ಇವು ಮೂರೂ ಬರದೇ ಇದ್ದರೆ ಸಭೆ ವ್ಯರ್ಥ ಎಂದೇ ನಮ್ಮ ಲೆಕ್ಕ.

ಯಾರನ್ನು ಕೂರಿಸಬೇಕು, ಮೊದಲು ಏನು ವಿಚಾರಿಸಬೇಕು

ಒಂದು ಸಭೆಗೆ 25ರಿಂದ 30 ಜನ ಸಾಕು. ಇನ್ನೂರು ಜನರನ್ನು ಕೂರಿಸಿದರೆ ಯಾರೂ ನೆಲದ ಮೇಲೆ ಮಲಗಿ ಅಭ್ಯಾಸ ಮಾಡುವುದಿಲ್ಲ. ಹಾಸ್ಟೆಲಿನಲ್ಲಾದರೆ ವಾರ್ಡನ್, ರಾತ್ರಿ ಕಾವಲಿನವರು, ಅಡುಗೆಯವರು ಇರಲೇಬೇಕು, ಏಕೆಂದರೆ ರಾತ್ರಿ ಎರಡು ಗಂಟೆಗೆ ಗೇಟಿನ ಬೀಗ ತೆಗೆಯುವವರು ಅವರೇ. ಹಳ್ಳಿಯಲ್ಲಾದರೆ ಆಶಾ ಕಾರ್ಯಕರ್ತೆ ಮತ್ತು ಊರಿನ ಮೆಡಿಕಲ್ ಶಾಪಿನವರನ್ನು ಕರೆಯಿರಿ.

ಸಭೆಗೆ ಒಂದು ವಾರ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಾಲ್ಲೂಕು ಆಸ್ಪತ್ರೆಗೂ ಹೋಗಿ ನಾಲ್ಕು ಪ್ರಶ್ನೆ ಕೇಳಿ ಬನ್ನಿ. ಅಫೀಮಿನ ಜಾತಿಯ ಮದ್ದು ಹೆಚ್ಚಾದಾಗ ಕೊಡುವ ನಲಾಕ್ಸೋನ್ ಇಂಜೆಕ್ಷನ್ ಇದೆಯೇ? ಪ್ಯಾರಾಸಿಟಮಾಲ್ ಹೆಚ್ಚಾದಾಗ ಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ಇದೆಯೇ? ವೆಂಟಿಲೇಟರ್ ಇರುವ ಹತ್ತಿರದ ಆಸ್ಪತ್ರೆ ಯಾವುದು? ನಮ್ಮ ಊರಿಗೆ 108 ಗಾಡಿ ಬರಲು ಸಾಮಾನ್ಯವಾಗಿ ಎಷ್ಟು ಹೊತ್ತು ಬೇಕು? ಉತ್ತರಗಳನ್ನು ಸಭೆಯಲ್ಲಿ ಹಂಚುವ ಚೀಟಿಯಲ್ಲಿ ಬರೆಯಿರಿ. ಗಾಡಿ ಬರಲು ಅರ್ಧ ಗಂಟೆ ಬೇಕೆಂದರೆ, ಆ ಅರ್ಧ ಗಂಟೆ ಉಸಿರು ಕಾಯಬೇಕಾದವರು ಸಭೆಯಲ್ಲಿ ಕೂತಿರುವವರೇ ಎಂಬುದು ಆಗ ಅವರಿಗೇ ಅರ್ಥವಾಗುತ್ತದೆ.

ಸಾಮಾನು ಹೆಚ್ಚೇನೂ ಬೇಡ. ಎರಡು ಚಾಪೆ, ಗಟ್ಟಿಯಾದ ಎರಡು ದಿಂಬು, ಸೆಕೆಂಡು ಮುಳ್ಳಿರುವ ಒಂದು ಗಡಿಯಾರ, ಬಗೆಬಗೆಯ ಮಾತ್ರೆಗಳ ಖಾಲಿ ಶೀಟುಗಳು, ಮಕ್ಕಳ ಪ್ಯಾರಾಸಿಟಮಾಲ್‌ನ ಮೂರು ಖಾಲಿ ಬಾಟಲಿ (ಡ್ರಾಪ್ಸ್, 125ರ ಸಿರಪ್, 250ರ ಸಿರಪ್), 5 ಮಿ.ಲೀ. ಅಳತೆ ಮುಚ್ಚಳ, ಅಡುಗೆಮನೆಯ ಒಂದು ಟೀ ಚಮಚ. ರೆಡ್‌ಕ್ರಾಸ್ ಶಾಖೆ ಅಥವಾ ನರ್ಸಿಂಗ್ ಕಾಲೇಜಿನಿಂದ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ಕಲಿಸುವ ಬೊಂಬೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ದಿಂಬಿನ ಮೇಲೆ ಒತ್ತಿ ಲಯ ಕಲಿಯಬಹುದು.

ಮೊದಲ 15 ನಿಮಿಷ: ಓವರ್‌ಡೋಸ್ ಎಂದರೆ ಯಾರ ಕಥೆ

ಓವರ್‌ಡೋಸ್ ಎಂದ ಕೂಡಲೇ ಜನ ಹೆರಾಯಿನ್ ಸಿರಿಂಜು ನೆನೆಸಿಕೊಂಡು, ಇದು ನಮ್ಮ ಮನೆಯ ವಿಷಯವಲ್ಲ ಎಂದು ಕೈಕಟ್ಟಿ ಕೂರುತ್ತಾರೆ. ಹಾಗಾಗಿ ಆರಂಭವನ್ನು ಮನೆಯಿಂದಲೇ ಮಾಡಿ. ಆ ದೇಹ, ಆ ಹೊತ್ತಿನಲ್ಲಿ ತಡೆಯಲಾರದಷ್ಟು ಮದ್ದು ಒಳಗೆ ಹೋದರೆ ಅದು ಓವರ್‌ಡೋಸ್. ಅಜ್ಜ ಶುಗರ್ ಮಾತ್ರೆ ನುಂಗಿದ್ದು ಮರೆತು ಮತ್ತೆ ನುಂಗಿದರೂ ಅದೇ, ಮಗು ಅಜ್ಜಿಯ ಬಿಪಿ ಮಾತ್ರೆಯನ್ನು ಪೆಪ್ಪರ್‌ಮಿಂಟ್ ಎಂದುಕೊಂಡರೂ ಅದೇ, ಹುಡುಗ ನೋವಿನ ಮಾತ್ರೆಯನ್ನು ನಶೆಗೆಂದು ಪುಡಿ ಮಾಡಿ ಚುಚ್ಚಿಕೊಂಡರೂ ಅದೇ, ಮನನೊಂದವರು ನಿದ್ದೆ ಮಾತ್ರೆ ನುಂಗಿದರೂ ಅದೇ. ಕಾರಣ ಬೇರೆಯಾದರೂ ಮೊದಲ ಹತ್ತು ನಿಮಿಷದಲ್ಲಿ ಮಾಡಬೇಕಾದದ್ದು ಹೆಚ್ಚು ಕಡಿಮೆ ಒಂದೇ. ಅದಕ್ಕೇ ಎಲ್ಲವನ್ನೂ ಒಂದೇ ಸಭೆಯಲ್ಲಿ ಹೇಳಬಹುದು.

ಅಂಕಿ ಬೇಕೆನಿಸಿದರೆ ಒಂದು ಸಾಕು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದ ಭಾರತೀಯರಲ್ಲಿ ಸುಮಾರು 2.26 ಕೋಟಿ ಜನ ಅಫೀಮಿನ ಜಾತಿಯ ಮದ್ದುಗಳನ್ನು ಬಳಸುತ್ತಿದ್ದರು. ಇದರಲ್ಲಿ ಹೆರಾಯಿನ್, ಅಫೀಮು ಮಾತ್ರವಲ್ಲ, ಮೆಡಿಕಲ್ ಶಾಪಿನಲ್ಲಿ ಸಿಗುವ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಕೂಡ ಸೇರಿವೆ.

ಈ ಜಾತಿಯ ಮದ್ದುಗಳು (ಹೆರಾಯಿನ್, ಮಾರ್ಫಿನ್, ಟ್ರಮಡಾಲ್, ಟಪೆಂಟಡಾಲ್, ಕೊಡೀನ್) ಕೊಲ್ಲುವ ಬಗೆಯನ್ನು ನಿಧಾನವಾಗಿ ವಿವರಿಸಿ. ಉಸಿರಾಡು ಎಂದು ಮಿದುಳು ಕೊಡುವ ಆಜ್ಞೆಯನ್ನೇ ಇವು ಮಂದ ಮಾಡುತ್ತವೆ. ಮನುಷ್ಯ ನಿದ್ದೆಗೆ ಜಾರುತ್ತಾನೆ, ಉಸಿರು ನಿಮಿಷಕ್ಕೆ 12ರಿಂದ 8ಕ್ಕೆ, 4ಕ್ಕೆ ಇಳಿಯುತ್ತದೆ, ಕೊನೆಗೆ ನಿಲ್ಲುತ್ತದೆ. ಹೃದಯ ನಿಲ್ಲುವುದು ಅದಾದ ಮೇಲೆ. ಅಲ್ಪ್ರಜೋಲಮ್, ಡಯಾಜೆಪಾಮ್‌ನಂಥ ನಿದ್ದೆ ಮಾತ್ರೆ ಅಥವಾ ಮದ್ಯ ಜೊತೆಗೆ ಸೇರಿದರೆ ಇಳಿತ ಇನ್ನೂ ಬೇಗ. ಒಂದೊಂದನ್ನೇ ತೆಗೆದುಕೊಂಡಾಗ ತಡೆದುಕೊಂಡ ದೇಹ ಎರಡು ಸೇರಿದಾಗ ಸೋಲುತ್ತದೆ. "ಮಿಕ್ಸ್ ಮಾಡಬೇಡಿ" ಎಂಬ ಎಚ್ಚರಿಕೆಯ ಹಿಂದಿರುವ ಕಾರಣ ಇದು, ಕಾರಣ ಸಮೇತ ಹೇಳಿದರೆ ಹುಡುಗರು ಕೇಳುತ್ತಾರೆ.

ಮುಂದಿನ 35 ನಿಮಿಷ: ನೆಲದ ಮೇಲೆ ಅಭ್ಯಾಸ

ಸಭೆಯ ಜೀವ ಇಲ್ಲಿದೆ, ಸಮಯ ಸಾಲದಿದ್ದರೆ ಬೇರೆ ಭಾಗ ಕತ್ತರಿಸಿ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಮಲಗಲಿ. ಮೊದಲು ಬರೀ ಉಸಿರು ಎಣಿಸಲಿ: ಎದೆ ಒಮ್ಮೆ ಏರಿ ಇಳಿದರೆ ಒಂದು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ದೊಡ್ಡವರಲ್ಲಿ 12ರಿಂದ 20 ಸಹಜ. 10ಕ್ಕಿಂತ ಕಡಿಮೆಯಾದರೆ ಅಪಾಯ.

ನಿದ್ದೆಗೂ ಓವರ್‌ಡೋಸಿಗೂ ವ್ಯತ್ಯಾಸ ತಿಳಿಯುವುದು ಹೀಗೆ: ಹೆಸರು ಹಿಡಿದು ಜೋರಾಗಿ ಕೂಗಿ, ಎರಡೂ ಭುಜ ತಟ್ಟಿ, ಮುಷ್ಟಿಯ ಗೆಣ್ಣಿನಿಂದ ಎದೆಯ ನಡುಮೂಳೆಯನ್ನು ಗಟ್ಟಿಯಾಗಿ ಉಜ್ಜಿ. ನಿದ್ದೆಯಲ್ಲಿರುವವನು ಮುಖ ಕಿವುಚುತ್ತಾನೆ, ಕೈ ತಳ್ಳುತ್ತಾನೆ. ಏನೂ ಮಾಡದಿದ್ದರೆ ಅದು ನಿದ್ದೆ ಅಲ್ಲ. ಉಳಿದ ಗುರುತುಗಳು: ಕಣ್ಣುಪಾಪೆ ಸೂಜಿಮೊನೆಯಷ್ಟು ಕಿರಿದಾಗಿರುವುದು, ಮೈ ತಣ್ಣಗೆ ಅಂಟಂಟಾಗಿರುವುದು, ತುಟಿ ಮತ್ತು ಉಗುರು ನೀಲಿಗಟ್ಟುವುದು. ನಮ್ಮ ಮೈಬಣ್ಣದಲ್ಲಿ ನೀಲಿ ಸುಲಭಕ್ಕೆ ಕಾಣುವುದಿಲ್ಲ, ಬೂದಿ ಬಳಿದಂತೆ ಕಾಣಬಹುದು. ಕೆಳತುಟಿಯ ಒಳಭಾಗ, ಅಂಗೈ, ಉಗುರಿನ ಬುಡ ನೋಡಿ. ಪಾಪೆ ಕಿರಿದಾಗಿಲ್ಲ ಎಂದು ಸುಮ್ಮನಾಗಬೇಡಿ, ನಿದ್ದೆ ಮಾತ್ರೆಯಲ್ಲೂ ಮದ್ಯದಲ್ಲೂ ಹಾಗಾಗಲೇಬೇಕೆಂದಿಲ್ಲ.

ಗೊರಕೆಯ ಬಗ್ಗೆ ಪ್ರತ್ಯೇಕವಾಗಿ ಎರಡು ನಿಮಿಷ ಮಾತಾಡಿ. ಎಬ್ಬಿಸಿದರೂ ಏಳದವನ ಗಂಟಲಿಂದ ಗೊಳಗೊಳ ಎನ್ನುವ ಗೊರಕೆ ಬಂದರೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚುತ್ತಿದೆ ಎಂದರ್ಥ. "ಚೆನ್ನಾಗಿ ನಿದ್ದೆ ಹೊಡೀತಿದಾನೆ" ಎಂದು ಬಾಗಿಲು ಹಾಕಿಕೊಂಡು ಹೋಗುವುದು ಈ ಸದ್ದು ಕೇಳಿಯೇ.

ನಂತರ ಪೂರ್ತಿ ಕ್ರಮವನ್ನು ಎಲ್ಲರೂ ಒಮ್ಮೆಯಾದರೂ ಮಾಡಲಿ:

1. ಕೂಗಿ, ತಟ್ಟಿ, ಎದೆಮೂಳೆ ಉಜ್ಜಿ. ಪ್ರತಿಕ್ರಿಯೆ ಇಲ್ಲದಿದ್ದರೆ ತಕ್ಷಣ 108 (ಸಿಗದಿದ್ದರೆ 112). ಫೋನ್ ಸ್ಪೀಕರಿಗೆ ಹಾಕಿ ಪಕ್ಕದಲ್ಲಿಡಿ. ಜಾಗ ಮತ್ತು ಗುರುತು, ವಯಸ್ಸು, "ಎಚ್ಚರ ಇಲ್ಲ, ಉಸಿರು ನಿಧಾನ" ಅಥವಾ "ಉಸಿರಿಲ್ಲ", ಏನು ತೆಗೆದುಕೊಂಡಿರಬಹುದು, ಈ ಕ್ರಮದಲ್ಲಿ ಹೇಳಿ. ಇನ್ನೊಬ್ಬರು ಗೇಟು ತೆಗೆದು ಮುಖ್ಯರಸ್ತೆಯಲ್ಲಿ ಟಾರ್ಚ್ ಹಿಡಿದು ನಿಲ್ಲಲಿ.

2. ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ. ಬಾಯಲ್ಲಿ ಗುಟ್ಕಾ, ವಾಂತಿ, ಸಡಿಲ ಹಲ್ಲಿನ ಸೆಟ್ ಕಂಡರೆ ತೆಗೆಯಿರಿ, ಕಾಣದ್ದನ್ನು ಬೆರಳು ಹಾಕಿ ಹುಡುಕಬೇಡಿ. ಹತ್ತು ಸೆಕೆಂಡು ಎದೆ ನೋಡಿ.

3. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ. ಮಂಡಿಯೂರಿ ಕೂತು, ನಿಮ್ಮ ಕಡೆಯ ಕೈಯನ್ನು ಅಡ್ಡಕ್ಕೆ ಚಾಚಿ. ಆಚೆ ಕೈಯನ್ನು ಎದೆಯ ಮೇಲಿಂದ ತಂದು ಅಂಗೈಯ ಹಿಂಬದಿ ನಿಮ್ಮ ಕಡೆಯ ಕೆನ್ನೆಗೆ ತಾಗುವಂತೆ ಹಿಡಿಯಿರಿ. ಆಚೆ ಮೊಣಕಾಲು ಮಡಿಸಿ, ಅದನ್ನು ಹಿಡಿದು ನಿಮ್ಮತ್ತ ಎಳೆಯಿರಿ, ದೇಹ ತಾನಾಗಿ ಹೊರಳುತ್ತದೆ. ಮೇಲಿನ ಕಾಲು ಮುಂದಕ್ಕೆ ಮಡಿಸಿರಲಿ, ಗದ್ದ ಎತ್ತಿರಲಿ, ಬಾಯಿ ನೆಲದ ಕಡೆಗಿರಲಿ. ವಾಂತಿ ಬಂದರೆ ಹೊರಗೆ ಹರಿಯುತ್ತದೆ, ಶ್ವಾಸಕೋಶಕ್ಕೆ ಇಳಿಯುವುದಿಲ್ಲ.

4. ಉಸಿರಿಲ್ಲದಿದ್ದರೆ, ಅಥವಾ ಮೀನಿನಂತೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆಯುತ್ತಿದ್ದರೆ, ಅಂಗಾತ ಗಟ್ಟಿ ನೆಲದ ಮೇಲೆ ಮಲಗಿಸಿ ಎದೆಯ ನಡುವೆ ಎರಡೂ ಕೈ ಇಟ್ಟು ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. 30 ಸಲ ಒತ್ತಿದ ಮೇಲೆ ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು 2 ಉಸಿರು ಕೊಡಿ, ಎದೆ ಏರುವುದು ಕಾಣಬೇಕು. ಓವರ್‌ಡೋಸಿನಲ್ಲಿ ಮೂಲ ತೊಂದರೆಯೇ ಆಮ್ಲಜನಕದ ಕೊರತೆ, ಆದ್ದರಿಂದ ಉಸಿರು ಕೊಡಲು ಬರುವವರು ಕೊಡಲೇಬೇಕು. ಬಾರದವರು ಒತ್ತುವುದನ್ನಾದರೂ ನಿಲ್ಲಿಸಬಾರದು. ಒಬ್ಬರೇ ಎರಡು ನಿಮಿಷಕ್ಕೆ ಸುಸ್ತಾಗುತ್ತಾರೆ, ಸರದಿ ಮಾಡಿಕೊಳ್ಳಿ.

5. ಗಾಡಿ ಬರುವವರೆಗೆ ಪ್ರತಿ ನಿಮಿಷವೂ ಉಸಿರು ನೋಡಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ. ಖಾಲಿ ಶೀಟು, ಬಾಟಲಿ, ಸಿರಿಂಜು ಏನು ಸಿಕ್ಕರೂ ಒಂದು ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ಕಳಿಸಿ. ಸಿರಿಂಜಿಗೆ ಮುಚ್ಚಳ ತೊಡಿಸಲು ಹೋಗಬೇಡಿ, ಬೆರಳಿಗೆ ಚುಚ್ಚುವುದು ಆಗಲೇ.

ಹಳ್ಳಿಯ ಸಭೆಯಲ್ಲಿ ಒಂದು ಮಾತು ತಪ್ಪದೆ ಸೇರಿಸಿ: ನುಂಗಿದ್ದು ಕೀಟನಾಶಕ ಎಂಬ ಅನುಮಾನವಿದ್ದರೆ, ಬಟ್ಟೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿಯ ವಾಸನೆ ಬರುತ್ತಿದ್ದರೆ, ಬಾಯಿಗೆ ಬಾಯಿ ಇಡಬಾರದು. ವಿಷ ನಿಮಗೂ ತಾಗುತ್ತದೆ. ಎದೆ ಒತ್ತುವುದಷ್ಟೇ ಮಾಡಿ, ಕೈಗೆ ಪ್ಲಾಸ್ಟಿಕ್ ಕವರಾದರೂ ಇರಲಿ.

ಮಾಡಬಾರದ್ದನ್ನೂ ನೆಲದ ಮೇಲೆಯೇ ಹೇಳಿಕೊಡಿ, ಏಕೆಂದರೆ ಎಲ್ಲ ಊರಲ್ಲೂ ಒಬ್ಬರು ಹಿರಿಯರು ಉಪ್ಪುನೀರಿನ ಚೊಂಬು ಹಿಡಿದು ಓಡಿ ಬರುತ್ತಾರೆ. ಉಪ್ಪುನೀರು, ಸೋಪಿನ ನೀರು, ಹುಣಸೆ ನೀರು, ಸಗಣಿ ನೀರು ಯಾವುದೂ ಬೇಡ. ಅರೆಎಚ್ಚರದವರಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ನುಗ್ಗುತ್ತದೆ. ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಅದೇ ಪ್ರಾಣ ತೆಗೆಯಬಹುದು, ಮಕ್ಕಳಲ್ಲಂತೂ ಬೇಗ. ಮಜ್ಜಿಗೆ, ನಿಂಬೆರಸ, ಕಾಫಿ ನಶೆಯನ್ನು ಇಳಿಸುವುದಿಲ್ಲ, ನುಂಗಲಾರದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ತಣ್ಣೀರು ಸುರಿದು ನಿಲ್ಲಿಸಿ ನಡೆಸಿದರೆ ಬಿದ್ದು ತಲೆ ಒಡೆಯುತ್ತದೆ, ಅಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ. ಹಿರಿಯರನ್ನು ಗದರಿಸಬೇಡಿ. "ಅಜ್ಜಿ, ನೀವು ಗಾಡಿ ಬರೋ ದಾರಿ ನೋಡ್ತಿರಿ" ಎಂದು ಬೇರೆ ಕೆಲಸ ಕೊಡಿ.

ಕುಡಿದು ಎಚ್ಚರ ತಪ್ಪಿದವರಿಗೂ ಇದೇ ಕ್ರಮ. ಕೊನೆಯ ಗುಟುಕು ಮುಗಿದ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಹಾಗಾಗಿ ಮಲಗಿಸಿದಾಗ ಸರಿಯಾಗಿದ್ದವನು ಒಂದು ಗಂಟೆಯ ನಂತರ ಕೆಡಬಹುದು. ಎಂಡಿಎಂಎ, ಕೊಕೇನ್‌ನಂಥ ಉತ್ತೇಜಕ ಮಾದಕಗಳು ಉಲ್ಟಾ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ: ಮೈ ಕಾದು ಸುಡುತ್ತದೆ, ಎದೆನೋವು, ಗಾಬರಿ, ಫಿಟ್ಸ್ ಬರಬಹುದು. ಜನಸಂದಣಿಯಿಂದ ಹೊರಗೆ ತಂದು ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಗಾಳಿ ಹಾಕಿ, 108 ಕರೆಯಿರಿ. ಬೋರಲು ಮಲಗಿಸಿ ಮೇಲೆ ಕೂರಬಾರದು. ಒಂದೇ ಸಮನೆ ಲೀಟರುಗಟ್ಟಲೆ ನೀರು ಕುಡಿಸಿದರೆ ರಕ್ತದ ಸೋಡಿಯಂ ಇಳಿದು ಮಿದುಳು ಊದಿಕೊಳ್ಳುತ್ತದೆ.

ನಲಾಕ್ಸೋನ್ ಬಗ್ಗೆ ಎಷ್ಟು ಹೇಳಬೇಕು

ಅಫೀಮು ಜಾತಿಯ ಮದ್ದಿನ ಪರಿಣಾಮವನ್ನು ಬಿಡಿಸುವ ಮದ್ದು ನಲಾಕ್ಸೋನ್. ಮಿದುಳಿನಲ್ಲಿ ಆ ಮದ್ದು ಕೂತ ಜಾಗದಿಂದ ಅದನ್ನು ತಳ್ಳಿ ತಾನು ಕೂರುತ್ತದೆ. ಸ್ನಾಯುವಿಗೆ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಓವರ್‌ಡೋಸ್ ಎದುರಾಗಬಹುದಾದ ಸಾಮಾನ್ಯ ಜನರ ಕೈಗೂ ಇದು ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ನಮ್ಮಲ್ಲಿ ಇದು ವೈದ್ಯರ ಚೀಟಿಯ ಮೇಲೆ ಸಿಗುವ ಇಂಜೆಕ್ಷನ್, ಬಹುಪಾಲು ಆಸ್ಪತ್ರೆಯಲ್ಲೇ ಇರುತ್ತದೆ. ಮನೆಯಲ್ಲಿ ಹೆರಾಯಿನ್ ಅಥವಾ ಇಂಥ ಮಾತ್ರೆಗೆ ಸಿಕ್ಕಿಬಿದ್ದವರಿದ್ದರೆ ಚಿಕಿತ್ಸೆ ಕೊಡುವ ವೈದ್ಯರನ್ನು ಈ ಬಗ್ಗೆ ನೇರವಾಗಿ ಕೇಳಿ.

ಜನ ತಪ್ಪು ತಿಳಿಯುವುದು ಇಲ್ಲಿ: ಇದರ ಪ್ರಭಾವ 30ರಿಂದ 90 ನಿಮಿಷ ಮಾತ್ರ. ನುಂಗಿದ ಮದ್ದು ಅದಕ್ಕಿಂತ ಹೆಚ್ಚು ಹೊತ್ತು ದೇಹದಲ್ಲಿದ್ದರೆ, ಎದ್ದು ಕೂತವನು ಮತ್ತೆ ಕುಸಿಯುತ್ತಾನೆ. "ಎದ್ದನಲ್ಲ, ಮನೆಗೆ ಕರ್ಕೊಂಡು ಹೋಗೋಣ" ಎಂದು ಹೊರಟರೆ ದಾರಿಯಲ್ಲೇ ಉಸಿರು ನಿಲ್ಲಬಹುದು. ಎದ್ದ ಕೂಡಲೇ ವಾಂತಿ, ನಡುಕ, ಸಿಟ್ಟು ಬರುತ್ತದೆ, ಮತ್ತೆ ನಶೆ ಬೇಕೆನಿಸುತ್ತದೆ. ಜಗಳಕ್ಕೆ ನಿಲ್ಲದೆ ಜೊತೆಗಿರಿ. ನಿದ್ದೆ ಮಾತ್ರೆಗೆ, ಮದ್ಯಕ್ಕೆ ಇದು ನಾಟುವುದಿಲ್ಲ, ಆದರೆ ಏನು ನುಂಗಿದ್ದೆಂದು ಗೊತ್ತಿಲ್ಲದಾಗ ಕೊಟ್ಟರೂ ಹಾನಿ ಇಲ್ಲ.

ಸಭೆಗೆ ಬಂದವರ ಮಕ್ಕಳು ಅಮೆರಿಕ, ಕೆನಡಾದಲ್ಲಿ ಓದುತ್ತಿದ್ದರೆ ಒಂದು ಸಾಲು ಸೇರಿಸಿ. ಅಲ್ಲಿ ಗೆಳೆಯರಿಂದ ಸಿಗುವ ಬಿಡಿ ಮಾತ್ರೆಯಲ್ಲಿ ಅಫೀಮು ಜಾತಿಯ ತೀರಾ ಪ್ರಬಲ ಮದ್ದಾದ ಫೆಂಟನಿಲ್ ಬೆರೆತಿರಬಹುದು. ನಲಾಕ್ಸೋನ್ ಮೂಗಿನ ಸ್ಪ್ರೇ ಅಮೆರಿಕದಲ್ಲಿ 2023ರಿಂದ ಚೀಟಿಯಿಲ್ಲದೆ ಅಂಗಡಿಯಲ್ಲೇ ಸಿಗುತ್ತದೆ. ರೂಮಿನಲ್ಲಿ ಒಂದು ಇಟ್ಟುಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ.

ಮಾತ್ರೆ ಡಬ್ಬಿಯ ಲೆಕ್ಕ

ಈಗ ಖಾಲಿ ಶೀಟುಗಳನ್ನು ಹರಡಿ. ಪ್ರತಿ ಶೀಟಿನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುವ ಮದ್ದಿನ ಹೆಸರನ್ನು ಓದಿಸಿ. ಕಂಪನಿಯ ಹೆಸರು ಬೇರೆ ಬೇರೆ, ಒಳಗಿನ ಮದ್ದು ಒಂದೇ ಎಂಬುದು ಕಣ್ಣಿಗೆ ಬೀಳಲಿ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಪ್ಯಾರಾಸಿಟಮಾಲ್ 4000 ಮಿ.ಗ್ರಾಂ ಮೇರೆ. ಜ್ವರಕ್ಕೆಂದು ಡೋಲೋ 650 ದಿನಕ್ಕೆ ನಾಲ್ಕು ಸಲ ನುಂಗಿದರೆ 2600. ಜೊತೆಗೆ ನೆಗಡಿಗೆಂದು 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಇರುವ ಮಾತ್ರೆ ಮೂರು ಸಲ ನುಂಗಿದರೆ 1500. ಒಟ್ಟು 4100. ಯಾರೂ ತಪ್ಪು ಮಾಡಿದಂತೆ ಕಾಣುವುದಿಲ್ಲ, ಮೇರೆ ಮಾತ್ರ ದಾಟಿತು. ಮೈಕೈ ನೋವಿನ ಅಸಿಕ್ಲೋಫೆನಾಕ್ ಮಾತ್ರೆಗಳಲ್ಲೂ ಬಹಳಷ್ಟು ಸಲ ಪ್ಯಾರಾಸಿಟಮಾಲ್ ಇರುತ್ತದೆ. ದಿನವೂ ಕುಡಿಯುವವರು, ಲಿವರ್ ತೊಂದರೆ ಇರುವವರು, ತೀರಾ ಸಣಕಲಾದವರಿಗೆ ಮೇರೆ ಇನ್ನೂ ಕಡಿಮೆ.

ಪ್ಯಾರಾಸಿಟಮಾಲ್ ಹೆಚ್ಚಾದಾಗ ಮೊದಲ ದಿನ ಬರೀ ವಾಕರಿಕೆ, ಸುಸ್ತು. ಕೆಲವರಿಗೆ ಅದೂ ಇಲ್ಲ. ಎರಡನೇ ಮೂರನೇ ದಿನ ಲಿವರ್ ಕೆಡುವುದು ಗೊತ್ತಾಗುತ್ತದೆ, ಆಗ ತಡವಾಗಿರುತ್ತದೆ. ಎನ್-ಅಸಿಟೈಲ್‌ಸಿಸ್ಟೀನ್ 8 ಗಂಟೆಯೊಳಗೆ ಶುರುವಾದರೆ ಬಹುತೇಕ ಲಿವರ್ ಉಳಿಯುತ್ತದೆ. ಹೆಚ್ಚು ನುಂಗಿದ್ದು ಗೊತ್ತಾದ ಕೂಡಲೇ, ನಗುನಗುತ್ತ ಕೂತಿದ್ದರೂ, ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಒಂದು ಮಾತನ್ನು ಸಭೆಯಲ್ಲಿ ಎರಡು ಸಲ ಹೇಳಿ.

ಮಕ್ಕಳ ಬಾಟಲಿಗಳ ಸರದಿ. ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ. ಸಾಮಾನ್ಯ ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಅಥವಾ 125, ಗಟ್ಟಿ ಸಿರಪ್‌ನಲ್ಲಿ 5 ಮಿ.ಲೀ.ಗೆ 250. ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು ತೂಕದ ಪ್ರತಿ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. 10 ಕೆ.ಜಿ. ಮಗುವಿಗೆ ಡ್ರಾಪ್ಸ್ ಆದರೆ 1ರಿಂದ 1.5 ಮಿ.ಲೀ., 125ರ ಸಿರಪ್ ಆದರೆ 4ರಿಂದ 6 ಮಿ.ಲೀ. ಡ್ರಾಪ್ಸನ್ನೇ ಸಿರಪ್ ಎಂದುಕೊಂಡು 5 ಮಿ.ಲೀ. ಕುಡಿಸಿದರೆ ಒಂದೇ ಸಲಕ್ಕೆ 500 ಮಿ.ಗ್ರಾಂ. ಟೀ ಚಮಚಕ್ಕೆ ನೀರು ತುಂಬಿ ಅಳತೆ ಮುಚ್ಚಳಕ್ಕೆ ಸುರಿದು ತೋರಿಸಿ. ಒಂದೊಂದು ಮನೆಯ ಚಮಚ ಒಂದೊಂದು ಅಳತೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಕಬ್ಬಿಣದ ಮಾತ್ರೆಯನ್ನು ತಾಯಂದಿರು ವಿಷಯವೇ ಅಲ್ಲವೆಂದುಕೊಂಡಿರುತ್ತಾರೆ. ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ ಇರುತ್ತದೆ, ಮೇಲೆ ಹೊಳಪಿನ ಲೇಪ. ಎರಡು ವರ್ಷದ ಮಗುವಿಗೆ ಅದು ಮಿಠಾಯಿ. ಮೂರು ನಾಲ್ಕು ನುಂಗಿದ್ದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು. 2023ರ ಮಾರ್ಚಿನಲ್ಲಿ ಊಟಿಯ ಶಾಲೆಯೊಂದರಲ್ಲಿ ಮಕ್ಕಳು ಪಂಥ ಕಟ್ಟಿ ಇಂಥ ಮಾತ್ರೆ ನುಂಗಿ, ಎಂಟನೇ ತರಗತಿಯ ಹುಡುಗಿಯೊಬ್ಬಳು ತೀರಿಕೊಂಡಳು. ಶಾಲೆಯಲ್ಲಿ ವಾರದ ಕಬ್ಬಿಣದ ಮಾತ್ರೆಯನ್ನು ಶಿಕ್ಷಕರೇ ಎಣಿಸಿ, ಎದುರಿಗೇ ನುಂಗಿಸಿ, ಉಳಿದದ್ದನ್ನು ಬೀಗದಲ್ಲಿಡಬೇಕು.

ಹಿರಿಯರ ಡಬ್ಬಿಯಲ್ಲಿ ಎರಡು ಮಾತ್ರೆ ಹುಡುಕಿ. ಒಂದು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಶುಗರ್ ಮಾತ್ರೆ. ಎರಡು ಸಲ ನುಂಗಿದರೆ ಸಕ್ಕರೆ ಇಳಿಯುತ್ತದೆ, ಏರಿಸಿದ ಮೇಲೂ ಗಂಟೆಗಟ್ಟಲೆ ಮತ್ತೆ ಮತ್ತೆ ಇಳಿಯುತ್ತದೆ. ಎಚ್ಚರವಿದ್ದರೆ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಹೋಗಿ, ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ. ಇನ್ನೊಂದು, ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್. ಅದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಸಾವೇ ಬರಬಹುದು. ಶೀಟಿನ ಮೇಲೆ ಮಾರ್ಕರ್‌ನಿಂದ "ಸೋಮವಾರ ಮಾತ್ರ" ಎಂದು ದೊಡ್ಡದಾಗಿ ಬರೆಸಿ.

ಡಬ್ಬಿ ಇಡುವ ಜಾಗ ಎಂದರೆ ಮಗು ಕುರ್ಚಿ ಹತ್ತಿದರೂ ಎಟುಕದ, ಬೀಗ ಇರುವ ಕಪಾಟು. ದಿಂಬಿನಡಿ, ಫ್ರಿಜ್ ಮೇಲೆ, ಹ್ಯಾಂಡ್‌ಬ್ಯಾಗಿನಲ್ಲಿ ಬೇಡ. ಶೀಟು ಕತ್ತರಿಸಿ ಸ್ಟೀಲ್ ಡಬ್ಬಿಗೆ ಬಿಡಿ ಮಾತ್ರೆ ತುಂಬಿದರೆ ಹೆಸರೂ ಹೋಯಿತು, ತಾರೀಖೂ ಹೋಯಿತು. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ನರಳುತ್ತಿದ್ದರೆ ಮಾತ್ರೆಗಳು ಬೇರೊಬ್ಬರ ಕೈಯಲ್ಲಿರಲಿ, ಒಂದು ವಾರಕ್ಕೆ ಬೇಕಾದಷ್ಟನ್ನೇ ತನ್ನಿ. ಬೇಡವಾದ ಮಾತ್ರೆಗಳನ್ನು ಶೀಟಿನಿಂದ ಬಿಡಿಸಿ ಬಳಸಿದ ಟೀಪುಡಿ ಅಥವಾ ಕಾಫಿ ಚರಟದಲ್ಲಿ ಕಲಸಿ, ಕವರಿಗೆ ಕಟ್ಟಿ ಎಸೆಯಿರಿ.

ಕ್ಯಾನ್ಸರ್ ರೋಗಿಯ ಮನೆಯವರು ಸಭೆಯಲ್ಲಿದ್ದರೆ ಒಂದು ಎಚ್ಚರ ಬೇಕು. ನಿಮ್ಮ ಮಾತು ಕೇಳಿ ಅವರು ಮಾರ್ಫಿನ್ ನಿಲ್ಲಿಸಿಬಿಡಬಾರದು. ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ಕೊಟ್ಟ ಮಾರ್ಫಿನ್ ನೋವು ಕಳೆಯುತ್ತದೆ, ಜೀವ ತೆಗೆಯುವುದಿಲ್ಲ. ಬೀಗದಲ್ಲಿಡಿ, ರೋಗಿ ತೀರಿಕೊಂಡ ಮೇಲೆ ಉಳಿದದ್ದನ್ನು ಆಸ್ಪತ್ರೆಗೆ ಹಿಂದಿರುಗಿಸಿ ಎಂದಷ್ಟೇ ಹೇಳಿ. ನೋವಿಗೆಂದು ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯಲ್ಲಿ ಬಳಸಿದ ಮೇಲೂ ಮದ್ದು ಉಳಿದಿರುತ್ತದೆ, ಅಂಟುಭಾಗ ಒಳಗಾಗುವಂತೆ ಮಡಚಿ ಮಕ್ಕಳಿಗೆ ಸಿಗದಂತೆ ಎತ್ತಿಡಬೇಕು.

ಚಟದಲ್ಲಿರುವವರಿಗೆ, ಅವರ ಮನೆಯವರಿಗೆ

ಇವರಿಗೆ ಬೈಗುಳ ಸಾಕಷ್ಟು ಸಿಕ್ಕಿದೆ. ಸಭೆಯಲ್ಲಿ "ಡ್ರಗ್ಗಿ", "ಗಾಂಜಾ ಗಿರಾಕಿ" ಎಂಬ ಮಾತು ನಿಮ್ಮ ಬಾಯಿಂದ ಬಂದರೆ, ಹಿಂದಿನ ಸಾಲಿನಲ್ಲಿ ಕೂತ ಒಬ್ಬ ತಾಯಿ ಮುಂದೆ ಯಾರನ್ನೂ ಏನೂ ಕೇಳುವುದಿಲ್ಲ. ಆಕೆಗೆ ತಲುಪಬೇಕಾದ ಮಾತು ಇದು: ಮಗ ವ್ಯಸನಮುಕ್ತಿ ಕೇಂದ್ರದಿಂದ, ಜೈಲಿನಿಂದ, ಆಸ್ಪತ್ರೆಯಿಂದ ಬಂದ ಮೊದಲ ಎರಡು ವಾರ ಅತಿ ಅಪಾಯದ ಕಾಲ. ಬಿಟ್ಟ ದಿನಗಳಲ್ಲಿ ದೇಹ ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ, ಮನಸ್ಸಿಗೆ ಹಳೆಯ ಪ್ರಮಾಣವೇ ನೆನಪಿರುತ್ತದೆ. ಹಿಂದೆ ಏನೂ ಆಗದಿದ್ದ ಪ್ರಮಾಣ ಈಗ ಉಸಿರು ನಿಲ್ಲಿಸುತ್ತದೆ.

ಬಳಸುತ್ತಿರುವವರು ಎದುರಿದ್ದರೆ ಮುಚ್ಚುಮರೆ ಇಲ್ಲದೆ ಹೇಳಿ: ಬಿಡಲು ಆಗುವವರೆಗೆ ಒಬ್ಬರೇ ಇರಬೇಡಿ, ಬಾತ್‌ರೂಮ್ ಚಿಲಕ ಹಾಕಬೇಡಿ, ಮದ್ಯ ಮತ್ತು ನಿದ್ದೆ ಮಾತ್ರೆ ಬೆರೆಸಬೇಡಿ, ಬಿಟ್ಟು ಮತ್ತೆ ಬಿದ್ದರೆ ಹಳೆಯ ಪ್ರಮಾಣಕ್ಕೆ ಹೋಗಲೇಬೇಡಿ. ಇದು ಪ್ರೋತ್ಸಾಹ ಕೊಟ್ಟಂತಾಯಿತಲ್ಲ ಎಂದು ಯಾರಾದರೂ ಕೇಳುತ್ತಾರೆ. ಸತ್ತವನಿಗೆ ಚಿಕಿತ್ಸೆ ಕೊಡಲಾಗದು ಎಂದು ಉತ್ತರಿಸಿ. ಬ್ಯುಪ್ರಿನಾರ್ಫಿನ್ ಅಥವಾ ಮೆಥಡೋನ್‌ನಿಂದ ನಡೆಯುವ ಬದಲಿ ಮದ್ದಿನ ಚಿಕಿತ್ಸೆ ಓವರ್‌ಡೋಸ್ ಸಾವನ್ನು ಕಡಿಮೆ ಮಾಡುತ್ತದೆ, ಅದನ್ನು "ಒಂದು ಚಟ ಬಿಡಿಸಿ ಇನ್ನೊಂದು" ಎಂದು ಹೀಗಳೆಯಬೇಡಿ. ಚಿಕಿತ್ಸೆಯ ದಾರಿ ಕೇಳಲು ರಾಷ್ಟ್ರೀಯ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ.

ಮೆಡಿಕಲ್ ಶಾಪಿನವರ ಪಾಲು ಚಿಕ್ಕದಾದರೂ ದೊಡ್ಡ ವ್ಯತ್ಯಾಸ ಮಾಡುತ್ತದೆ. ಅಲ್ಪ್ರಜೋಲಮ್, ಡಯಾಜೆಪಾಮ್, ಟ್ರಮಡಾಲ್, ಕೊಡೀನ್ ಇವು ಶೆಡ್ಯೂಲ್ ಎಚ್1ರಲ್ಲಿವೆ: ಚೀಟಿಯಿಲ್ಲದೆ ಮಾರುವಂತಿಲ್ಲ, ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಹಳೆ ಚೀಟಿ ತೋರಿಸಿ ತಿಂಗಳು ತಿಂಗಳು ಒಯ್ಯುವವರನ್ನು ಬರಿಗೈಯಲ್ಲಿ ಗದರಿ ಕಳಿಸುವ ಬದಲು 14446 ಬರೆದು ಕೊಡಲಿ. ನಿದ್ದೆ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಪೊಲೀಸ್ ಭಯ ಮತ್ತು ಆತ್ಮಹತ್ಯೆಯ ಮಾತು

ಗೆಳೆಯರು 108 ಕರೆಯದೆ ಓಡಿಹೋಗುವುದಕ್ಕೆ ಮುಖ್ಯ ಕಾರಣ ಕೇಸಿನ ಭಯ. ಇದ್ದದ್ದನ್ನು ಇದ್ದಂತೆ ಹೇಳಿ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡುವುದುಂಟು, ಆದರೆ ಅದಕ್ಕಾಗಿ ಚಿಕಿತ್ಸೆ ತಡೆಹಿಡಿಯುವಂತಿಲ್ಲ. ಮೊದಲು ಜೀವ, ಆಮೇಲೆ ಕಾಗದ ಎಂಬುದು 1989ರ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ತಿರುಳು. ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದ ಚಿಕಿತ್ಸೆಗೆ ಒಪ್ಪಿದ ವ್ಯಸನಿಗೆ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ. "ಏನೂ ಆಗಲ್ಲ, ಯಾರೂ ಕೇಳಲ್ಲ" ಎಂದು ಪೊಳ್ಳು ಭರವಸೆ ಕೊಟ್ಟರೆ ಒಂದು ದಿನ ನಿಮ್ಮ ಮಾತೆಲ್ಲ ಸುಳ್ಳಾಗುತ್ತದೆ.

ಪ್ರಶ್ನೋತ್ತರದಲ್ಲಿ ಒಬ್ಬರು ಖಂಡಿತ ಕೇಳುತ್ತಾರೆ, "ಎಷ್ಟು ಮಾತ್ರೆ ನುಂಗಿದ್ರೆ ಸಾಯ್ತಾರೆ?" ಸಂಖ್ಯೆ ಹೇಳಬೇಡಿ. ದೇಹದಿಂದ ದೇಹಕ್ಕೆ ಅದು ಬೇರೆ ಎಂದು ಹೇಳಿ ಮುಂದೆ ಹೋಗಿ, ಕೇಳಿದವರ ಮುಖ ನೆನಪಿಟ್ಟುಕೊಂಡು ಸಭೆ ಮುಗಿದ ಮೇಲೆ ಒಬ್ಬರೇ ಇರುವಾಗ ಮಾತಾಡಿಸಿ. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳುವುದರಿಂದ ಇಲ್ಲದ ಆಲೋಚನೆ ಹುಟ್ಟುವುದಿಲ್ಲ, ಇದ್ದವರಿಗೆ ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಹೌದು ಎಂದರೆ ಒಬ್ಬರನ್ನೇ ಮನೆಗೆ ಕಳಿಸಬೇಡಿ. ಅಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಜೊತೆಗೆ ಕೂತು ಫೋನ್ ಮಾಡಿ. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹಂಚುವ ಚೀಟಿ

ಅಂಗೈಯಗಲದ ಚೀಟಿ, ದೊಡ್ಡ ಅಕ್ಷರ, ಇಷ್ಟೇ ಸಾಲು:

ಎಬ್ಬಿಸಿದರೂ ಏಳುತ್ತಿಲ್ಲ, ಗೊಳಗೊಳ ಗೊರಕೆ, ತುಟಿ ಬೂದಿ ಬಣ್ಣ: 108.
ಉಸಿರಿದ್ದರೆ ಪಕ್ಕಕ್ಕೆ ಹೊರಳಿಸಿ. ಇಲ್ಲದಿದ್ದರೆ ಎದೆ ಒತ್ತಿ.
ಬಾಯಿಗೆ ಏನೂ ಹಾಕಬೇಡಿ. ಬಿಟ್ಟು ಹೋಗಬೇಡಿ.
ಮಾತ್ರೆ ಹೆಚ್ಚಾಗಿದ್ದರೆ ಚೆನ್ನಾಗಿದ್ದರೂ ಆಸ್ಪತ್ರೆಗೆ. ಶೀಟು ಜೊತೆಗೆ.
ವಿಷದ ಮಾಹಿತಿ (ಏಮ್ಸ್, ದೆಹಲಿ): 1800 116 117. ಮನಸ್ಸಿಗೆ: 14416. ಚಟಕ್ಕೆ: 14446.
ನಮ್ಮ ಹತ್ತಿರದ ಆಸ್ಪತ್ರೆ: ________

ಸಹಾಯವಾಣಿ ಸಂಖ್ಯೆಗಳಿಗೆ ಮುದ್ರಣಕ್ಕೆ ಕೊಡುವ ಹಿಂದಿನ ದಿನ ನೀವೇ ಫೋನ್ ಮಾಡಿ ನೋಡಿ. ಚೀಟಿಯನ್ನು ಮನೆಯಲ್ಲಾದರೆ ಮಾತ್ರೆ ಕಪಾಟಿನ ಬಾಗಿಲ ಒಳಬದಿಗೆ, ಹಾಸ್ಟೆಲಿನಲ್ಲಾದರೆ ಪ್ರತಿ ಮಹಡಿಯ ಬಾತ್‌ರೂಮ್ ಬಾಗಿಲಿಗೆ ಅಂಟಿಸಲಿ. ಒಂದು ತಿಂಗಳು ಬಿಟ್ಟು ಹೋಗಿ ಐವರನ್ನು ಕರೆದು ಚಾಪೆ ಹಾಸಿ, "ಹೊರಳಿಸಿ ತೋರಿಸಿ" ಎನ್ನಿ. ಅವರಲ್ಲಿ ಮೂವರಿಗಾದರೂ ಬಾರದಿದ್ದರೆ ಮುಂದಿನ ಸಭೆಯಲ್ಲಿ ಮಾತು ಕಡಿಮೆ ಮಾಡಿ, ಚಾಪೆ ಇನ್ನೆರಡು ಹೆಚ್ಚು ತನ್ನಿ.